ಬಿಡಿಸಿದ ಅಂಗೈ

ಸ್ಕಾರ್‌ಬರೋ, ಭಾನುವಾರ

ಸಣ್ಣತ್ತೆಗೆ ನಮಸ್ಕಾರ.

"ಕ್ಯಾಸಿನೊದಲ್ಲಿ ಯಾವ ಆಟದಲ್ಲಿ ಗೆಲ್ಲುದು ಸುಲಭ ಮಾರಾಯ್ತಿ?" ಎಂದು ಕೇಳಿದ್ದಿರಲ್ಲ. ನಾನು ಕೆಲಸದಲ್ಲಿ ಇಸ್ಪೀಟು ಎಲೆ ಹಂಚುವ ಬ್ಲ್ಯಾಕ್‌ಜಾಕ್ ಆಟವೇ ವಾಸಿ. ಜಾಣರು ನೂರು ಡಾಲರ್ ಆಡಿದರೆ ನಮ್ಮ ಧಣಿಗೆ ಉಳಿಯುವುದು ಸುಮಾರು ಅರ್ಧ ಡಾಲರ್. ಸ್ಲಾಟ್ ಮೆಶಿನಿನ ಹತ್ತಿರ ಮಾತ್ರ ಸುಳಿಯಬಾರದು.

ಟೇಬಲ್ ಬಿಡುವಾಗಲೆಲ್ಲ ನಾವು ಒಂದು ಚಪ್ಪಾಳೆ ತಟ್ಟಿ, ಏನೂ ಕದ್ದಿಲ್ಲವೆಂದು ಎರಡೂ ಅಂಗೈ ಬಿಡಿಸಿ ಮೇಲಿನ ಕ್ಯಾಮೆರಾಕ್ಕೆ ತೋರಿಸಬೇಕು. ನಿಂತೂ ನಿಂತೂ ಹಿಮ್ಮಡಿ ನೋಯುತ್ತದೆ. ನೀವು ಕೊಟ್ಟ ಎಣ್ಣೆ ಮುಗಿಯುತ್ತ ಬಂತು.

ಬಸ್ಸು ಬರುತ್ತಿದೆ, ಬೇಗ ಹೇಳಿಬಿಡುತ್ತೇನೆ. ಊರಿನಿಂದ ಹೊರಟಾಗ ಯಾರೂ ನನ್ನ ಕೈ ನೋಡಲಿಲ್ಲ. ನಿಮ್ಮ ಇಸ್ಪೀಟು ಕಟ್ಟಿನಲ್ಲಿ ಆಟೀನ್ ರಾಣಿಯನ್ನು ಇನ್ನು ಹುಡುಕಬೇಡಿ, ಅತ್ತೆ. ನಾನಿಲ್ಲದೆ ನಿಮ್ಮ ಚಾವಡಿಯಲ್ಲಿ ಆಟ ನಡೆಯಬಾರದೆಂದು ಕದ್ದು ತಂದಿದ್ದೇನೆ.

ಅಶ್ವಿತಾ