ಕಂಕುಳ ಕೆಳಗಿನ ಒಂದು ಗೇಣು ಹೊಲಿಗೆ

ವುಚ್ ನಗರ
ಸೆಪ್ಟೆಂಬರ್ ೧೬, ಮಂಗಳವಾರ

ನನ್ನ ಯಾಗೋದಾ,

ಅಮ್ಮನಿಂದ ಕಾಗದ ಬಂತೆಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದಾರೆ. ಕೆಳಗಿನ ಮನೆಯ ಮುದುಕ ಇದ್ದಾನೆ, ಹೊತ್ತುಗೊತ್ತಿಲ್ಲದೆ ಬೊಗಳುವ ಅವನ ನಾಯಿಯೂ ಇದೆ. ಕೋಟೆಯಿಂದ ಬಂದಾಗಿನಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ. ನೀನು ಎತ್ತುತ್ತೀಯ, ಊಟ ಆಯಿತಾ ಎಂದು ಕೇಳುತ್ತೀಯ. ನಾನು ಆಯಿತು ಎನ್ನುತ್ತೇನೆ. ಆಮೇಲೆ ಇಬ್ಬರೂ ಚಳಿಯ ಬಗ್ಗೆ ನಾಲ್ಕು ಮಾತಾಡಿ ಇಟ್ಟುಬಿಡುತ್ತೇವೆ. ಫೋನಿನಲ್ಲಿ ನನ್ನ ಬಾಯಿಗೆ ಸುಳ್ಳು ಸಲೀಸಾಗಿ ಬರುತ್ತದೆ. ಕಾಗದದ ಮುಂದೆ ಅಷ್ಟು ಸುಲಭವಲ್ಲ ಎಂದು ಪೆನ್ನು ಹಿಡಿದಿದ್ದೇನೆ.

ನಿನ್ನ ಉಣ್ಣೆಯ ನಿಲುವಂಗಿ ಇಲ್ಲೇ ಬಾಗಿಲ ಹಿಂದೆ ತೂಗುತ್ತಿದೆ. ನೀನು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕೊಟ್ಟು, "ನೆಲ ಒರೆಸೋಕೆ ಇಟ್ಕೋ ಅಮ್ಮಾ, ಉಣ್ಣೆ ನೀರು ಚೆನ್ನಾಗಿ ಹೀರುತ್ತೆ" ಅಂದೆಯಲ್ಲ, ಅವತ್ತಿನಿಂದ ತಟ್ಟೆ ಮುಂದಿಟ್ಟುಕೊಂಡು ಅದನ್ನೇ ನೋಡುತ್ತಾ ಕೂರುತ್ತೇನೆ. ಬಣ್ಣ ಕಟ್ಟಲು ಮಂಜಿಷ್ಠದ ಬೇರು ಕುದಿಸಿ ನನ್ನ ಅಡುಗೆಮನೆಯ ಗೋಡೆಯನ್ನೆಲ್ಲ ಕೆಂಪು ಮಾಡಿದ್ದೆ ನೀನು. ಆ ಕಲೆ ಇನ್ನೂ ಹೋಗಿಲ್ಲ. ಒರೆಸುವ ಬಟ್ಟೆ ಮಾಡುವುದಕ್ಕಾ ಅಷ್ಟೆಲ್ಲ?

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಶನಿವಾರ ನೀನು ನಿಂತ ಜಾಗದಿಂದ ಕಂಡದ್ದು ಬೇರೆ, ನಾನು ಕೂತ ಬೆಂಚಿನಿಂದ ಕಂಡದ್ದು ಬೇರೆ.

ಕಳೆದ ವರ್ಷ ನೀನು, ರಜೆಯ ದಿನ ಹಳೇ ಕಾಲದವರಂತೆ ಉಟ್ಟು ಉಂಡು ಬದುಕುವ ಆ ಕತ್ತಿ ಗುರಾಣಿಯವರ ದಳಕ್ಕೆ ಸೇರಿದಾಗ ನಾನು ನಕ್ಕಿದ್ದೆ. ವಾರವೆಲ್ಲ ವಿಮಾ ಕಂಪನಿಯ ಮೇಜಿನ ಹಿಂದೆ ಕೂರುವ ಹುಡುಗಿ ಶನಿವಾರ ಬಂತೆಂದರೆ ಆರುನೂರು ವರ್ಷ ಹಿಂದಕ್ಕೆ ಹೋಗಿ ಹೊಗೆ ಕುಡಿಯುವುದೆಂದರೆ! ವರ್ಷ ಪೂರ್ತಿ ಉಮೇದುವಾರಳಾಗಿ ನೀರು ಸೌದೆ ಹೊರಬೇಕು, ಮೈಮೇಲಿನ ಬಟ್ಟೆಯನ್ನು ತಾನೇ ಕೈಯಲ್ಲಿ ಹೊಲಿದಿರಬೇಕು, ಎಲ್ಲರೆದುರು ಪ್ರಮಾಣ ಮಾಡಬೇಕು, ಆಮೇಲೆಯೇ ಅವರ ಬೆಂಕಿಯ ಸುತ್ತ ಜಾಗ ಎಂದು ನೀನು ಹೇಳಿದಾಗ ಇನ್ನೂ ನಕ್ಕೆ. "ಕೊಡೇ ಇಲ್ಲಿ, ಒಂದು ಸಂಜೆಗೆ ಹೊಲಿದು ಬಿಸಾಕ್ತೀನಿ" ಅಂದೆ. ಮದುವೆಗೆ ಮುಂಚಿನಿಂದ ಕಾರ್ಖಾನೆಯಲ್ಲಿ ಕೋಟಿಗೆ ತೋಳು ಕೂರಿಸಿದವಳು ಇನ್ನೇನು ಅನ್ನುತ್ತಾಳೆ. ನೀನು ನನ್ನ ಕೆನ್ನೆ ಹಿಂಡಿ, "ಅಯ್ಯೋ ಅಮ್ಮಾ, ನೀನು ಮಶೀನು. ಇದಕ್ಕೆ ಕೈ ಬೇಕು" ಅಂದೆ. ತಮಾಷೆಗೆ ಅಂದದ್ದು, ಗೊತ್ತು.

ಆಮೇಲೆ ಪ್ರತಿ ಗುರುವಾರ ನಿಮ್ಮ ದಳದ ಲುದ್ಮಿವಾ ಅವರ ಮನೆಗೆ ಹೋಗಿ ಕೈಹೊಲಿಗೆ ಕಲಿತೆ. ಬಂದು ಬಾಯಿ ತೆರೆದರೆ ಲುದ್ಮಿವಾ. ಲುದ್ಮಿವಾ ದಾರಕ್ಕೆ ಜೇನುಮೇಣ ಸವರುತ್ತಾರೆ, ಲುದ್ಮಿವಾ ಸೂಜಿಯನ್ನು ಹೀಗೆ ಓರೆ ಹಿಡಿಯುತ್ತಾರೆ. ಒಂದು ದಿನ ನಾನು, "ಆ ಲುದ್ಮಿವಾ ಊಟಾನೂ ಹಾಕ್ತಾಳಾ, ಇಲ್ಲಾ ಅದಕ್ಕೆ ಮಾತ್ರ ಅಮ್ಮ ಬೇಕಾ?" ಅಂದೆ. ನೀನು ನಕ್ಕೆ, ನಾನೂ ನಕ್ಕೆ. ತಟ್ಟೆ ತೊಳೆಯುವಾಗ ಮಾತ್ರ ಸ್ವಲ್ಪ ಜೋರಾಗಿಯೇ ಸದ್ದು ಮಾಡಿದೆ ಅನ್ನಿಸುತ್ತದೆ.

ಹೊರಡುವ ಹಿಂದಿನ ಸಂಜೆ ನೀನು ನಿಲುವಂಗಿಯನ್ನು ಇದೇ ಬಾಗಿಲಿಗೆ ತೂಗುಹಾಕಿ ಡೇರೆಯ ಕಂಬ ತರಲು ಹೋದೆ. ನಾನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ಬಲಗೈ ಕಂಕುಳ ಕೆಳಗೆ ಹೊಲಿಗೆ ಸಡಿಲವಾಗಿದೆ ಅನ್ನಿಸಿತು. ನೀರಿನ ಬಕೆಟ್ ಎತ್ತುವಾಗ ಬಿರಿದು ನಾಲ್ಕು ಜನರೆದುರು ನಿನ್ನ ಮಾನ ಹೋಗುವುದು ಬೇಡ ಎಂದು ಒಂದು ಗೇಣಿನಷ್ಟು ಬಿಚ್ಚಿದೆ. ನಿನ್ನ ನಾರಿನ ದಾರವನ್ನೇ ಬಾಬಿನ್‌ಗೆ ಸುತ್ತಿ ಮಶೀನಿನಲ್ಲಿ ಒಂದು ಓಟ ಓಡಿಸಿದೆ. ನೀನು ಬರುವಷ್ಟರಲ್ಲಿ ಇಸ್ತ್ರಿಯೂ ಆಗಿತ್ತು. ನಿಯಮ ಗೊತ್ತಿರಲಿಲ್ಲ ಎಂದು ಹೇಳಲಾರೆ. ಒಳಮಗ್ಗುಲನ್ನು ಯಾರು ನೋಡುತ್ತಾರೆ ಅಂದುಕೊಂಡೆ.

ನಿನ್ನ ಪ್ರಮಾಣ ನೋಡಲು ನಾನೂ ಬಂದೆನಲ್ಲ, ಕೋಟೆಯಲ್ಲಿ ನಿಮ್ಮ ದಳದ ಆ ಕೂಟದಲ್ಲಿ ಮೊದಲು ನಗೆಪಾಟಲಾದವಳು ನಾನೇ. ಆಲೂಗಡ್ಡೆ ದೋಸೆಯ ಡಬ್ಬಿ ತೆಗೆದ ಕೂಡಲೇ ಬೊಗ್ದಾನ್, ನಿಮ್ಮ ದಳಪತಿ, ವಾರದ ದಿನಗಳಲ್ಲಿ ಟ್ರಾಮ್ ಓಡಿಸುವ ಆ ಗಡ್ಡದ ಮನುಷ್ಯ, ಕಬ್ಬಿಣದ ಟೊಪ್ಪಿಗೆ ತೆಗೆದು ತಲೆಬಾಗಿ ಅಡ್ಡ ನಿಂತ. "ತಾಯೀ, ಮುಚ್ಚಿಡಿ. ಆಲೂಗಡ್ಡೆ ಇನ್ನೂ ನಮ್ಮ ದೇಶಕ್ಕೆ ಬಂದಿಲ್ಲ."

"ಹಂಗಾದ್ರೆ ಬೆಳಿಗ್ಗೆ ನಾನು ತಿಂದಿದ್ದೇನಪ್ಪಾ?"

"ಅದನ್ನ ಡೇರೆ ಹಿಂದೆ ಹೋಗಿ ತಿನ್ನಿ. ನಂಗೂ ಎರಡು ಇಟ್ಟಿರಿ" ಅಂದ.

ನಿನ್ನ ನಗು ಡೇರೆಯ ಆಚೆಯಿಂದ ಕೇಳಿಸಿತು. ಮಾರೆಕ್ ನಿನ್ನನ್ನು ಬಿಟ್ಟುಹೋದ ಮೇಲೆ ಹೊಟ್ಟೆಯಿಂದ ಬಂದ ನಗು ಅದೇ ಮೊದಲು. ಎರಡು ವರ್ಷ, ಕೆಲಸ ಮುಗಿಸಿ ಬಂದು ಬಿದ್ದ ಹಾಸಿಗೆಯಿಂದ ನಿನ್ನನ್ನು ಎಬ್ಬಿಸಲು ನನ್ನಿಂದ ಆಗಿರಲಿಲ್ಲ. ಹುಳಿ ಸಾರು ಕಲಕುವ, ಕೊಡಲಿಗೆ ಸಾಣೆ ಹಿಡಿಯುವ ಈ ಜನ ಎಬ್ಬಿಸಿದ್ದರು. ನೀನು ಅವರ ನಡುವೆ ಓಡಾಡುವುದನ್ನು ನೋಡುತ್ತಾ, ಇವಳಿಗೆ ಇಲ್ಲಿ ಜಾಗ ಸಿಗಲಿ ದೇವರೇ ಎಂದು ಬೇಡಿಕೊಂಡೆ. ಅದು ಸುಳ್ಳಲ್ಲ. ಕಂಕುಳ ಕೆಳಗೆ ನಾನು ಮಾಡಿಟ್ಟದ್ದು ಆ ಹೊತ್ತಿಗೆ ನೆನಪೇ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಬೆಂಕಿಯ ಸುತ್ತ ಸೇರಿದರು. ನೀನು ಬೊಗ್ದಾನನ ಕತ್ತಿಯ ಮೇಲೆ ಕೈಯಿಟ್ಟು ಹೇಳಿದೆ. "ಈ ಬಟ್ಟೆಯ ಒಂದೊಂದು ಹೊಲಿಗೆಯೂ ನನ್ನ ಕೈಯದು. ಸುಳ್ಳಾದರೆ ಈ ಬೆಂಕಿಯ ಹತ್ತಿರ ನನಗೆ ಜಾಗ ಬೇಡ." ನಿನ್ನ ದನಿ ನಡುಗುತ್ತಿತ್ತು. ಆಮೇಲೆ ನಿಲುವಂಗಿ ಕಳಚಿ, ಬಿಳಿಯ ಒಳಂಗಿಯಲ್ಲಿ ನಿಂತು, ಅದನ್ನು ಲುದ್ಮಿವಾ ಅವರ ಕೈಗೆ ಕೊಟ್ಟೆ. ಒಳಮಗ್ಗುಲು ತಿರುವಿ ನೋಡುವುದು ಬರೀ ಶಾಸ್ತ್ರ ಎಂದು ನನ್ನ ಪಕ್ಕದವರು ಹೇಳಿದರು. ಕಂಕುಳ ಕೆಳಗಿನದು ನನಗೆ ಆಗ ನೆನಪಾಯಿತು. "ಒಳಗೆ ಯಾರದ್ದಾದ್ರೂ ಹೆಸರು ಹೊಲ್ಕೊಂಡಿದ್ದಾಳಾ ನೋಡ್ರಪ್ಪಾ" ಎಂದು ಯಾರೋ ಕೀಟಲೆ ಮಾಡಿದರು. ಎಲ್ಲರೂ ನಗುತ್ತಿದ್ದರು. ಲುದ್ಮಿವಾ ಅವರ ಬೆರಳು ಎಡಮಗ್ಗುಲಲ್ಲಿ ಸರಾಗವಾಗಿ ಹೋಯಿತು, ಮೆಚ್ಚಿ ತಲೆದೂಗಿದರು. ಬಲಮಗ್ಗುಲಿಗೆ ಬಂದಾಗ ಬೆರಳು ನಿಂತಿತು.

"ಇದು ಮಶೀನ್ ಹೊಲಿಗೆ" ಅಂದರು.

ನಗು ನಿಂತುಹೋಯಿತು. "ಇದೇನಮ್ಮಾ ಯಾಗೋದಾ?" ಎಂದು ಬೊಗ್ದಾನ್ ಮೆಲ್ಲಗೆ ಕೇಳಿದ. ಹಿಂದಿನಿಂದ ಒಬ್ಬಳು, "ಪ್ರಮಾಣ ಮಾಡಿದ ಬಾಯಿ ಇನ್ನೂ ಮುಚ್ಚಿಲ್ಲ, ನೋಡಿ" ಅಂದಳು. ನೀನು ಬಟ್ಟೆ ತೆಗೆದುಕೊಂಡು ನೋಡಿದೆ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದೆ.

ನಾನು ಬಟ್ಟಲಿನ ಕಡೆ ನೋಡಿದೆ. ಸಾರು ಮುಗಿದಿತ್ತು, ಆದರೂ ಮರದ ಚಮಚ ಆಡಿಸಿದೆ.

ಎದ್ದು ನಿಂತು, ಅದು ನಾನು ಕಣ್ರೀ, ನನ್ನ ಮಗಳಲ್ಲ ಎಂದಿದ್ದರೆ ಸಾಕಿತ್ತು. ಅಷ್ಟೇ ಮಾತು. ಬಾಯಿ ಬರಲಿಲ್ಲ. ಹೆಂಗಸರೆಲ್ಲ ನನ್ನ ಕಡೆ ತಿರುಗುತ್ತಾರೆ, ಆ ಲುದ್ಮಿವಾ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾಳೆ ಎಂದು ನಾಚಿಕೆಯಾಯಿತು. ನನ್ನ ಮಾನ ಉಳಿಸಿಕೊಳ್ಳಲು ನಿನ್ನದನ್ನು ಕೊಟ್ಟೆ. ಅಷ್ಟರಲ್ಲಿ ನೀನೇ ಅಂದೆ. "ನಂದೇ ತಪ್ಪು. ಟೈಮ್ ಸಾಲಲಿಲ್ಲ, ಮಶೀನಲ್ಲಿ ಹಾಕ್ಬಿಟ್ಟೆ." ನಿನ್ನ ದನಿ ಆಗ ನಡುಗಲಿಲ್ಲ. ಯಾರೂ ಹೋಗು ಅನ್ನಲಿಲ್ಲ. ನಿನ್ನ ಪ್ರಮಾಣವೇ ಹೋಗು ಅಂದಿತ್ತು. ನೀನು ಜೀನ್ಸ್ ಹಾಕಿಕೊಂಡು ಬಂದು, "ನಡಿ ಅಮ್ಮಾ, ನಾಲ್ಕರ ಬಸ್ಸು ಸಿಗುತ್ತೆ" ಅಂದೆ. ನಾನು ನಿಮ್ಮ ದಳದವರು ತೊಡಿಸಿದ್ದ ಎರವಲು ಉಡುಪಿನಲ್ಲೇ, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡೇ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನು ಸನ್ಯಾಸಿನಿ ಎಂದುಕೊಂಡು ಎದ್ದು ಜಾಗ ಕೊಟ್ಟ. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ನೀನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಊರು ಹತ್ತಿರವಾದಾಗ, "ಹೊಲಿಗೆ ಬಿಟ್ಟಿತ್ತಾ ಅಮ್ಮಾ?" ಎಂದು ಕೇಳಿದೆ. ನನಗೆ ನೀನೇ ಒಂದು ನೆಪ ಹುಡುಕಿ ಕೈಗೆ ಕೊಡುತ್ತಿದ್ದೆ. ನಾನು ಗಬಕ್ಕನೆ ಹಿಡಿದುಕೊಂಡೆ. "ಹೂಂ, ಸ್ವಲ್ಪ ಬಿಟ್ಟಿತ್ತು ಮಗಾ. ಅದಕ್ಕೇ ಹಾಕಿದೆ." ನೀನು ನಿನ್ನ ಅಂಗೈ ನೋಡಿಕೊಂಡೆ. "ಒಂದಿಡೀ ವರ್ಷ ಕಲಿತು ಒಂದು ಹೊಲಿಗೆ ನಿಲ್ಲಿಸೋಕಾಗಲಿಲ್ಲ. ಬಿಡು, ನಂಗೆ ಕೈಯೇ ಇಲ್ಲ" ಅಂದೆ. ಆ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿಸಿಕೊಳ್ಳುತ್ತೇನೋ ನನಗೇ ಗೊತ್ತಿಲ್ಲ.

ನಿನ್ನೆ ನಾನು ಲುದ್ಮಿವಾ ಅವರ ಮನೆಗೆ ಹೋಗಿದ್ದೆ. ಸಿಟ್ಟಾಗಬೇಡ. ಬಾಗಿಲು ತೆರೆದದ್ದೇ ತಡ, "ಆ ಹೊಲಿಗೆ ನಂದು. ನನ್ನ ಮಗಳಿಗೆ ಗೊತ್ತೇ ಇರಲಿಲ್ಲ" ಅಂದುಬಿಟ್ಟೆ. ಕಾಲಿನ ಮಣ್ಣು ಒರೆಸುವ ಮುಂಚೆಯೇ.

"ಗೊತ್ತು" ಅಂದರು. "ಬಾಬಿನ್‌ಗೆ ದಾರ ಹಾಕೋಕೂ ನಂಗೆ ಬರಲ್ಲ, ಅದೆಲ್ಲ ನಮ್ಮಮ್ಮಂಗೇ ಅಂತ ಎಷ್ಟು ಸಲ ಹೇಳಿದಾಳೆ ಅವಳು. ಹೇಳುವಾಗ ಎಷ್ಟು ಜಂಬ ಅಂತೀರಿ. ಅಂಥಾ ನೆಟ್ಟಗಿನ ಹೊಲಿಗೆ ಅವಳದ್ದಾಗೋಕೆ ಸಾಧ್ಯಾನಾ? ಆದ್ರೆ ಅವಳೇ ನಂದು ಅಂದ್ಮೇಲೆ ನಾನೇನ್ ಮಾಡ್ಲಿ? ನೀವು ಏಳ್ತೀರೇನೋ ಅಂತ ಕಾಯ್ತಾ ನಿಂತಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನನ್ನನ್ನು ಕೂರಿಸಿ ಚಹಾ ಕೊಟ್ಟರು. ಕೆಟ್ಟ ಹೆಂಗಸಲ್ಲ ಯಾಗೋದಾ, ಒಪ್ಪಿಕೊಳ್ಳುತ್ತೇನೆ. ಚಹಾ ಮಾತ್ರ ನೀರು. ನವೆಂಬರಿನ ಕೂಟಕ್ಕೆ ನೀನು ಬರಬೇಕಂತೆ. ಆ ಒಂದು ಗೇಣನ್ನು ಮತ್ತೆ ನಿನ್ನ ಕೈಯಲ್ಲೇ ಹೊಲಿದು ತಂದರೆ ಸಾಕು, ಪ್ರಮಾಣ ಹೊಸದಾಗಿ ಮಾಡಿಸುತ್ತಾರಂತೆ. ಬೊಗ್ದಾನನಿಗೂ ಇನ್ನುಳಿದವರಿಗೂ ನಡೆದದ್ದನ್ನು ನಾನೇ ಬಂದು ಹೇಳಬೇಕು ಎಂದರು. ಹೇಳುತ್ತೇನೆ ಎಂದಿದ್ದೇನೆ. ಹೊರಡುವಾಗ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದರು. "ಒಂದು ಮಾತು. ಅವಳ ಹೊಲಿಗೆ ನಿಜವಾಗ್ಲೂ ಬಿಟ್ಟಿತ್ತಾ? ನಾನೇ ಎಷ್ಟೋ ಸಲ ನೋಡಿದ್ದೆ."

"ಹೂಂ, ಬಿಟ್ಟಿತ್ತು" ಅಂದೆ. ಅವರು ಚಿಲಕ ತೆಗೆದು ಬಾಗಿಲು ಹಿಡಿದುಕೊಂಡರು.

ನಿಲುವಂಗಿಯನ್ನು ಈ ಕಾಗದದ ಜೊತೆ ಪಾರ್ಸಲ್ ಮಾಡುತ್ತಿದ್ದೇನೆ. ನನ್ನ ಹೊಲಿಗೆಯನ್ನು ಪೂರ್ತಿ ಬಿಚ್ಚಿದ್ದೇನೆ. ಆ ಗೇಣು ತೆರೆದೇ ಇದೆ, ಮತ್ತೆ ಕೈ ಹಾಕಿಲ್ಲ, ಹಾಕುವುದೂ ಇಲ್ಲ. ನೀನು ಹೊಲಿಯುತ್ತೀಯೋ ನೆಲ ಒರೆಸುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಆ ಬೆಂಕಿಯ ಹತ್ತಿರ ನಿನ್ನ ಜಾಗ ಖಾಲಿ ಇದೆ. ಖಾಲಿ ಮಾಡಿದವಳು ನಾನು ಎಂಬುದನ್ನು ನನ್ನ ಕೈಯಾರೆ ಬರೆದು ಕೊಟ್ಟಿದ್ದೇನೆ. ಅವರಲ್ಲಿ ಯಾರಿಗೆ ಬೇಕಾದರೂ ಓದಿ ಹೇಳು.

ಚಳಿ ಶುರುವಾಗಿದೆ, ಕಿವಿಗೆ ಟೊಪ್ಪಿಗೆ ಹಾಕಿಕೋ.

ನಿನ್ನೆದುರು ತಲೆ ತಗ್ಗಿಸಿ ಕೂತಿರುವ
ನಿನ್ನ ಅಮ್ಮ,
ಗ್ರಾಜಿನಾ

ತಾ.ಕ.: ಪಾರ್ಸಲ್ಲಿಗೆ ದಾರ ಕಟ್ಟಿ ಅಂಚೆಕಚೇರಿಯ ಬಾಗಿಲವರೆಗೆ ಹೋಗಿದ್ದೆ. ಹಾಗೇ ವಾಪಸ್ ಬಂದು ಬಿಚ್ಚಿದ್ದೇನೆ. ಹೊಲಿಗೆ ಬಿಟ್ಟಿರಲಿಲ್ಲ, ಯಾಗೋದಾ. ಬಸ್ಸಿನಲ್ಲಿ ನಿನಗೆ ಹೇಳಿದ್ದು ಸುಳ್ಳು, ಲುದ್ಮಿವಾ ಅವರಿಗೆ ಹೇಳಿದ್ದು ಸುಳ್ಳು, ಈ ಕಾಗದದಲ್ಲಿ ಮೇಲೆ ಬರೆದದ್ದೂ ಸುಳ್ಳು. ಆ ಸಂಜೆ ನಿಲುವಂಗಿಯನ್ನು ತಿರುವಿ ಹಾಕಿ ತಪ್ಪು ಹುಡುಕಿದೆ, ಸಿಗಲಿಲ್ಲ. ನನ್ನ ಮಗಳು ಇದನ್ನು ನನ್ನಿಂದ ಕಲಿಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನಿನ್ನ ಮೈಮೇಲೆ ನನ್ನದೂ ಒಂದು ಗೇಣು ಇರಲಿ ಅನ್ನಿಸಿತು. ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವವರು ಎಳೆಯುವ ಹಾಗೆ ಎರಡು ಕೈಯಲ್ಲೂ ಹಿಡಿದು ಜಗ್ಗಿದೆ, ಮಿಸುಕಲಿಲ್ಲ. ಎಡಮಗ್ಗುಲು ಇನ್ನೂ ನಿನ್ನದೇ ಇದೆ, ನೀನೇ ಎಳೆದು ನೋಡು. ಅವತ್ತು ಬಲಮಗ್ಗುಲಿನ ನಿನ್ನ ಹೊಲಿಗೆ ಬಿಚ್ಚಲು ನನಗೆ ಬ್ಲೇಡು ಬೇಕಾಯಿತು.