ಹತ್ತು ವರ್ಷ ತುಂಬಿದವರು

ಎಲ್ಡನ್ ಮಿಲ್ಸ್, ವರ್ಮಾಂಟ್
ಮಾರ್ಚ್ 23, 2024, ಶನಿವಾರ

ಪ್ರೀತಿಯ ಲೆನೋರ್,

ನಿನ್ನ ಕ್ರಿಸ್ಮಸ್ ಕಾಗದಕ್ಕೆ ಈಸ್ಟರ್ ಹೊಸ್ತಿಲಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ನೀವಿಬ್ಬರೂ ಅಕ್ಕತಂಗಿಯರು ಆ ನ್ಯೂ ಮೆಕ್ಸಿಕೋ ಬಿಸಿಲಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕಳಿಸಿದ ಕೆಂಪು ಮೆಣಸಿನ ಪುಡಿ ತಲುಪಿತು. ವೆಂಡೆಲ್ ಅದನ್ನು ಮೊಟ್ಟೆಯ ಮೇಲೆ ಉದುರಿಸಿಕೊಂಡು, ಕಣ್ಣುಮೂಗಲ್ಲಿ ನೀರು ಸುರಿಸುತ್ತ, "ನಿನ್ನ ಗೆಳತಿ ನನ್ನ ಕೊಲ್ಲೋಕೇ ಕಳ್ಸಿದಾಳೆ ಕಣೆ" ಅನ್ನುತ್ತಾನೆ. ಮರುದಿನ ಬೆಳಿಗ್ಗೆ ಮತ್ತೆ ಡಬ್ಬಿ ಹುಡುಕುತ್ತಾನೆ. ಸೊಂಟದ ಕೀಲು ಬದಲಾಯಿಸಿದ್ದು ಒಳ್ಳೆಯದಾಯಿತು. ನಡೆಯುತ್ತಾನೆ. ಇನ್ನು ಮನೆಯ ಮಾಡು ಹತ್ತುವ ಕೆಲಸ ಮಾತ್ರ ಆಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನಲವತ್ತು ವರ್ಷ ಊರವರ ಮಾಡು ರಿಪೇರಿ ಮಾಡಿದ ನನ್ನ ಗಂಡ ಈಗ ಕಿಟಕಿಯ ಹತ್ತಿರ ಕೂತು ಎದುರು ಮನೆಯ ಮಾಡಿನ ತಪ್ಪು ಹುಡುಕುತ್ತಾನೆ.

ತಡವಾದದ್ದಕ್ಕೆ ಕಾರಣ ಕಾಲೇಜು. ಜನವರಿಯ ಎರಡನೇ ವಾರ ನಮ್ಮ ಅಂಚೆ ಕೋಣೆಗೆ ಮುದ್ರಣಾಲಯದಿಂದ ಎರಡು ಪೆಟ್ಟಿಗೆ ಲಕೋಟೆ ಬಂದವು. ಪ್ರತಿಯೊಬ್ಬ ನೌಕರರ ಹೆಸರಿಗೂ ಒಂದೊಂದು. ನಾನು ಮತ್ತು ಕೊರಿನ್ ಸೇರಿ ಒಂದೊಂದನ್ನೇ ಅವರವರ ಅಂಚೆ ಗೂಡುಗಳಿಗೆ ಹಾಕಿದೆವು. ಕೊರಿನ್ ಗೊಯೆಟ್ ನೆನಪಿದ್ದಾಳಲ್ಲ? ನಿನ್ನ ಜಾಗಕ್ಕೆ ಬಂದವಳು, ನೀನು ಹೊರಡುವ ವಾರ ಗೂಡುಗಳ ನಂಬರು ಕಲಿಸಿಕೊಟ್ಟೆ. ಎಲ್ಲ ಹಾಕಿ ಮುಗಿಸಿ, ಕಾಫಿಗೆ ಕೂತಾಗ ನಮ್ಮ ಹೆಸರಿನವನ್ನು ಒಡೆದೆವು. ಎರಡು ಪುಟ ತುಂಬ ಸಮುದಾಯ, ಭವಿಷ್ಯ, ಕಠಿಣ ಕಾಲ. ಎರಡನೇ ಪುಟದ ಕೆಳಗೆ ಒಂದೇ ಒಂದು ವಾಕ್ಯ: ನಮ್ಮ ನಿವೃತ್ತಿ ನಿಧಿಗೆ ಕಾಲೇಜು ಕಟ್ಟುವ ಪಾಲು ಜುಲೈನಿಂದ ಸಂಬಳದ ಶೇಕಡ ಹತ್ತರ ಬದಲು ಐದು.

ಕೊರಿನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ನಮ್ಮ ಕೈಯಿಂದ್ಲೇ ಹಂಚ್ಸಿದ್ರಲ್ಲ ಆರ್ಡಿಸ್" ಅಂದಳು.

ನಮ್ಮನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏನು ಹೇಳಿದ್ದರು, ನಿನಗೇ ಗೊತ್ತು. ಸಂಬಳ ಕಡಿಮೆ, ಒಪ್ಪುತ್ತೇವೆ, ಆದರೆ ನಿಮ್ಮ ಮುಪ್ಪಿನ ಚಿಂತೆ ನಮಗೆ ಬಿಡಿ ಎಂದಿದ್ದರು. ಆ ಮಾತು ನಂಬಿ ಹೆದ್ದಾರಿಯ ಪಕ್ಕದ ದೊಡ್ಡ ಅಂಗಡಿಯಲ್ಲಿ ಗಂಟೆಗೆ ಮೂರು ಡಾಲರ್ ಹೆಚ್ಚು ಕೊಡುತ್ತೇವೆಂದರೂ ನಾನು ಹೋಗಲಿಲ್ಲ. ಈಗ ಅರವತ್ಮೂರಕ್ಕೆ ಬಂದು ನಿಂತಾಗ ಮಾತು ಅರ್ಧಕ್ಕೆ ಇಳಿಯಿತು. ಅತ್ತ ಕಾಲೇಜಿನ ಹಾಕಿ ಆಟಕ್ಕೆ ಹೊಸ ಅಂಗಣ ಏಳುತ್ತಿದೆ. ಅದರ ಕ್ರೇನು ನಮ್ಮ ಕಿಟಕಿಗೆ ಕಾಣುತ್ತದೆ. ದಾನಿಗಳು ಕೊಟ್ಟ ದುಡ್ಡು, ಬೇರೆಯದಕ್ಕೆ ಮುಟ್ಟುವಂತಿಲ್ಲವಂತೆ. ಮುಟ್ಟಬಹುದಾದ ದುಡ್ಡು ಯಾವಾಗಲೂ ನಮ್ಮದೇ ಹೇಗೆ ಆಗುತ್ತದೋ.

ಕೊರಿನ್ ಇಷ್ಟು ಗಟ್ಟಿಗಿತ್ತಿ ಎಂದು ನನಗೆ ಗೊತ್ತಿರಲಿಲ್ಲ. ಮರುದಿನವೇ ಮನವಿ ಬರೆದಳು. ಊಟದ ಬಿಡುವಿನಲ್ಲಿ ಅಡುಗೆಮನೆ, ಬಾಯ್ಲರ್ ಮನೆ, ಗ್ರಂಥಾಲಯ ಎಲ್ಲ ಸುತ್ತಿದಳು. ಪ್ರೊಫೆಸರರ ಬಾಗಿಲನ್ನೂ ಬಿಡಲಿಲ್ಲ. ಗ್ರೀಕ್ ಕಲಿಸುವ ಬ್ರಾಂಟ್ ಅವರು ಮನವಿಯಲ್ಲಿ ಎರಡು ಅಲ್ಪವಿರಾಮ ತಿದ್ದಿ ಸಹಿ ಹಾಕಿದರಂತೆ. ಮೂರು ವಾರಕ್ಕೆ ಮುನ್ನೂರ ಎಂಬತ್ತು ಸಹಿ. ಹಣಕಾಸು ನೋಡುವ ಉಪಾಧ್ಯಕ್ಷ ಪ್ರೆಸ್ಕಾಟ್ ಕೊನೆಗೂ ಸಭೆ ಕರೆದ.

ಪ್ರಾರ್ಥನಾ ಮಂದಿರ ತುಂಬಿಹೋಗಿತ್ತು. ಪ್ರೆಸ್ಕಾಟ್ ಸ್ವೆಟರ್ ಹಾಕಿಕೊಂಡು ಬಂದಿದ್ದ, ನಮ್ಮವನಂತೆ ಕಾಣಲೆಂದು ಇರಬೇಕು. "ನಾವೆಲ್ಲ ಒಂದೇ ಮನೆಯವ್ರು" ಎಂದು ಶುರುಮಾಡಿದ.

ಬಾಯ್ಲರ್ ಮನೆಯ ಡ್ವೈಟ್ ಹಿಂದಿನ ಸಾಲಿನಿಂದ ಎದ್ದ. "ಒಂದೇ ಮನೆಯವ್ರಾದ್ರೆ ಸರಿ ಸ್ವಾಮಿ. ನಿಮ್ಮ ತಟ್ಟೆಯಿಂದ ಎಷ್ಟು ತೆಗ್ದಿದೀರಿ, ಅದನ್ನೂ ಹೇಳ್ಬಿಡಿ."

"ಅದು ಇವತ್ತಿನ ವಿಷಯ ಅಲ್ಲ."

"ನಿಮ್ಮ ತಟ್ಟೆ ಯಾವತ್ತೂ ವಿಷಯ ಆಗಲ್ಲ ಬಿಡಿ."

ನಗು ಎದ್ದಿತು. ಆಮೇಲೆ ಕೊರಿನ್ ನಿಂತಳು. ಕಾಗದ ಕೈಯಲ್ಲಿತ್ತು, ನೋಡಲಿಲ್ಲ. "ನಾನು ಇಲ್ಲಿಗೆ ಬರೋ ಮುಂಚೆ ಕುರ್ಚಿ ಕಾರ್ಖಾನೇಲಿ ಹದಿನೆಂಟು ವರ್ಷ ಇದ್ದೆ. ಅದು ಮುಚ್ಚಿದಾಗ ಪಿಂಚಣಿ ಅನ್ನೋದೂ ಜೊತೇಲೇ ಮುಚ್ಚೋಯ್ತು. ನಲವತ್ಮೂರಕ್ಕೆ ಮತ್ತೆ ಸೊನ್ನೆಯಿಂದ ಶುರುಮಾಡ್ದೆ. ಈಗ ಐವತ್ತೆರಡು. ಇನ್ನೊಂದ್ಸಲ ಶುರುಮಾಡೋಕೆ ನನ್ನ ಹತ್ರ ವಯಸ್ಸಿಲ್ಲ ಸಾರ್." ಅಷ್ಟೇ ಹೇಳಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವ ಮಾತಾಗಿರಲಿಲ್ಲ ಅದು. ಪ್ರೆಸ್ಕಾಟ್ ನೀರು ಕುಡಿದ.

ಫೆಬ್ರವರಿಯಲ್ಲಿ ಆಡಳಿತ ಮಂಡಳಿಯವರು ಸೇರಿದ ದಿನ ನಾವು ಹಿಮದಲ್ಲಿ ಫಲಕ ಹಿಡಿದು ನಾಲ್ಕು ಗಂಟೆ ನಿಂತೆವು. ಒಬ್ಬ ಸದಸ್ಯ ಹೊರಗೆ ಬಂದ, ಎಲ್ಲರ ಕೈ ಕುಲುಕಿದ, ನಾವು ತಂದಿದ್ದ ಡೋನಟ್ ಒಂದನ್ನು ತಿಂದ, "ನಿಮ್ಮ ಉತ್ಸಾಹ ನೋಡಿ ಸಂತೋಷವಾಯ್ತು" ಎಂದು ಒಳಗೆ ಹೋದ. ನನ್ನ ಕಾಲ್ಬೆರಳುಗಳಿಗೆ ಸ್ಪರ್ಶ ಬರಲು ರಾತ್ರಿಯ ಊಟದ ಹೊತ್ತಾಯಿತು.

ಹತ್ತು ದಿನದ ಮೇಲೆ ಅವರ ಹೊಸ ಮಾತು ಬಂತು. ಜುಲೈ ಒಂದಕ್ಕೆ ಹತ್ತು ವರ್ಷ ಸೇವೆ ತುಂಬಿದವರಿಗೆ ಹಳೆಯ ಪಾಲೇ ಇರುತ್ತದೆ. ಉಳಿದವರಿಗೆ ಅರ್ಧ. ನೌಕರರು ಮತ ಹಾಕಿ ಒಪ್ಪಿದರೆ ಸರಿ, ಒಪ್ಪದಿದ್ದರೆ ಎಲ್ಲರಿಗೂ ಅರ್ಧ.

ಕೊರಿನ್ ಸೇರಿದ್ದು 2014ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷಕ್ಕೆ ಮೂರು ತಿಂಗಳು ಕಡಿಮೆ. ನನಗೆ ಎಂದೋ ತುಂಬಿದೆ.

ಅಲ್ಲಿಂದ ನೋಡು, ಕ್ಯಾಂಟೀನಿನಲ್ಲಿ ಮೇಜುಗಳೇ ಬೇರೆಯಾದವು. ನಿನ್ನೆಯವರೆಗೆ ಒಟ್ಟಿಗೆ ಸೂಪು ಕುಡಿದವರು ಪಕ್ಕದವರಿಗೆ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕತೊಡಗಿದರು. ಬ್ರಾಂಟ್ ಅವರು "ಸಿಕ್ಕಿದ್ದನ್ನ ಉಳಿಸ್ಕೊಳ್ಳೋಣ, ಉಳಿದವ್ರಿಗಾಗಿ ಮುಂದಿನ ವರ್ಷ ಹೋರಾಡೋಣ" ಅಂದರು. ಡ್ವೈಟ್‌ಗೆ ಇಪ್ಪತ್ತಾರು ವರ್ಷ ಸೇವೆಯಾಗಿದೆ. ಆದರೂ, "ಮುಂದಿನ ವರ್ಷ ಈ ಮಂದಿರದಲ್ಲಿ ನಾಲ್ಕು ಜನ ಕೂತಿರ್ತಾರೆ, ಅವರಲ್ಲಿ ನೀವಿರಲ್ಲ" ಎಂದು ಅವರ ಮುಖಕ್ಕೇ ಹೇಳಿದ. ಕೊರಿನ್ ಯಾರನ್ನೂ ಏನೂ ಕೇಳಲಿಲ್ಲ. ಪಾರ್ಸೆಲ್‌ಗಳಿಗೆ ಚೀಟಿ ಅಂಟಿಸುತ್ತ ಒಮ್ಮೆ ಮಾತ್ರ, "ನಾವೆಲ್ಲ ಒಟ್ಟಿಗೇ ಇದ್ರೆ ಮಂಡಳಿಯವ್ರು ಇನ್ನೂ ಬಗ್ತಿದ್ರು, ಹೆದರಿದಾರೆ ಅವರು" ಅಂದಳು. ಅವಳು ಹೇಳಿದ್ದು ನಿಜವೆಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಮಾರ್ಚ್ ಐದಕ್ಕೆ ಮತದಾನ. ಮಡಿಸಿದ ಚೀಟಿ, ಹೆಸರಿಲ್ಲ. ಒಪ್ಪಿಗೆಯ ಪರ ಇನ್ನೂರ ಮೂವತ್ತು, ವಿರುದ್ಧ ನೂರ ಅರವತ್ತು ಚಿಲ್ಲರೆ. ಪ್ರೆಸ್ಕಾಟ್ ಸಂಜೆಯೊಳಗೆ ಎಲ್ಲರಿಗೂ ಕೃತಜ್ಞತೆಯ ಪತ್ರ ಕಳಿಸಿದ. ಇದು ಮಾತ್ರ ಕಂಪ್ಯೂಟರಿನಲ್ಲಿ ಬಂತು, ಪುಣ್ಯ. ಅದನ್ನೂ ನಾವೇ ಹಂಚಬೇಕಾಗಿ ಬರಲಿಲ್ಲ.

ಮರುವಾರ ಕೊರಿನ್ ರಾಜೀನಾಮೆ ಕೊಟ್ಟಳು. ಜಿಲ್ಲೆಯ ರಸ್ತೆ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ಹೋಗಿ ಬರಲು ಒಂದೂವರೆ ಗಂಟೆ. ನಿನ್ನೆ ಅವಳ ಕೊನೆಯ ದಿನ. ಅಡುಗೆಮನೆಯವರು ಮೇಪಲ್ ಕೇಕು ಮಾಡಿದ್ದರು. ಸಹಿ ಹಾಕಿದವರಲ್ಲಿ ಎಷ್ಟೋ ಜನ ಬರಲಿಲ್ಲ, ಮುಖ ಹೇಗೆ ತೋರಿಸುತ್ತಾರೆ. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಸೋಮವಾರದಿಂದ ಅಂಚೆ ಕೋಣೆಯಲ್ಲಿ ನಾನೊಬ್ಬಳೇ.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳು. ಪ್ರೆಸ್ಕಾಟ್ ಮೇಲೆ ಎಷ್ಟು ಮಾಡಿಕೊಂಡರೂ ಅದು ಅವನವರೆಗೆ ಮುಟ್ಟುವುದಿಲ್ಲ. ಪಾತ್ರೆ ತೊಳೆಯುವಾಗ ಒಬ್ಬಳೇ ಜೋರಾಗಿ ಮಾತಾಡುತ್ತೇನೆ. ವೆಂಡೆಲ್, "ಆ ಬಟ್ಟಲು ಏನ್ ತಪ್ಪು ಮಾಡ್ತು?" ಎಂದು ಕೇಳುತ್ತಾನೆ.

ಸಾಕು. ನಿನ್ನ ಮಂಡಿ ನೋವು ಹೇಗಿದೆ, ಬರೆ. ಅಕ್ಕನಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ಗಟ್ಟಿಯಾಗಿ ಇಟ್ಟಿರಲಿ, ನಿನ್ನ ಹಬ್ಬದ ಊಟ ರುಚಿಯಾಗಲಿ.

ಎಂದೂ ನಿನ್ನವಳೇ,
ಆರ್ಡಿಸ್

ಮತ್ತೊಂದು ಮಾತು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಾನು ಒಪ್ಪಿಗೆಯ ಪರ ಹಾಕಿದೆ ಲೆನೋರ್. ಒಳಗೆ ಹೋಗುವವರೆಗೂ ವಿರುದ್ಧ ಹಾಕುತ್ತೇನೆಂದೇ ಇದ್ದೆ. ಪೆನ್ಸಿಲ್ ಕೈಗೆ ಬಂದಾಗ ವೆಂಡೆಲ್ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುವುದು ಕಣ್ಣಿಗೆ ಬಂತು. ಹೊರಗೆ ಬಂದು ವಿರುದ್ಧ ಹಾಕಿದೆ ಎಂದು ಕೊರಿನ್‌ಗೆ ಹೇಳಿದೆ. ಅವಳು ಕೇಳಿರಲಿಲ್ಲ, ನಾನಾಗಿ ಹೇಳಿದೆ. ವೆಂಡೆಲ್‌ಗೂ ಹಾಗೇ ಹೇಳಿದ್ದೇನೆ. ನಿನ್ನೆ ಕೇಕು ಮುಗಿದ ಮೇಲೆ ಅವಳು ಕಾರಿನ ಹತ್ತಿರ ನನ್ನನ್ನು ಅಪ್ಪಿಕೊಂಡು, "ನೀನೊಬ್ಬಳಾದ್ರೂ ನನ್ನ ಪಕ್ಕ ನಿಂತೆ, ಅದನ್ನ ಮರೆಯಲ್ಲ" ಅಂದಳು.

ನಾನು "ಹೂಂ" ಅಂದೆ.