ಎಂಬತ್ತನಾಲ್ಕು ಲೇಬಲ್

ಮಾರ್ಚ್ 3, ಮಂಗಳವಾರ

ಇವತ್ತೂ ಕಣ್ಣಿನ ಹನಿಯೇ. ಬೆಳಿಗ್ಗೆ ಎಂಟರಿಂದ ಎರಡೂವರೆವರೆಗೆ ಓಡಿಸಿದೆ. ಮುದುಕಿ ಚೆನ್ನಾಗಿದ್ದಾಳೆ. ಮುದುಕಿ ಅಂದರೆ ನಮ್ಮ ಲೇಬಲಿಂಗ್ ಮಷೀನು, ಹತ್ತೊಂಬತ್ತು ವರ್ಷದ ಒಡನಾಟ. ಹೊಸದಾಗಿ ಕೂರಿಸಿರುವ ಕ್ಯಾಮೆರಾ ಮಾತ್ರ ತಲೆ ತಿನ್ನುತ್ತಿದೆ. ಪ್ರತಿ ಲೇಬಲ್ಲಿನ ಬಾರ್‌ಕೋಡ್ ಓದಬೇಕು, ಬೇರೆ ಲೇಬಲ್ ಬಂದರೆ ಲೈನ್ ನಿಲ್ಲಿಸಬೇಕು, ಅದರ ಕೆಲಸ ಅಷ್ಟೇ. ಇದಕ್ಕೆ ಧೂಳು ಕಂಡರೂ ತಪ್ಪು, ನೆರಳು ಬಿದ್ದರೂ ತಪ್ಪು. ಗಂಟೆಗೆ ಹತ್ತು ಸಲ ಕುಂಯ್ ಅನ್ನುತ್ತದೆ. ಇನ್ಸ್‌ಪೆಕ್ಟರ್ ಅಂತ ಹೆಸರಿಟ್ಟಿದ್ದೇನೆ.

ಕೊನೆಯಲ್ಲಿ ಒಂದಿಷ್ಟು ಲೇಬಲ್ ಉಳಿಯಿತು. ರಟ್ಟಿನ ಕೊಳವೆಯ ಮೇಲೆ ತೆಳ್ಳಗೆ ಹದಿನೈದು ಸುತ್ತು. ಎಣಿಸಿ ಸ್ಟೋರಿಗೆ ವಾಪಸ್ ಕೊಡಬೇಕು, ನಿಯಮ. ಸ್ಟೋರಿನವನು ಎಣಿಕೆರಾಯ. ಒಂದು ಕಡಿಮೆ ಬಂದರೆ ಮತ್ತೆ ಮೊದಲಿಂದ ಎಣಿಸುವ ಪೈಕಿ. ಯಾರಿಗೆ ಬೇಕು... ಡ್ರಾಯರಿಗೆ ಹಾಕಿ ಬಂದೆ. ನಾಳೆ ಕೊಟ್ಟರಾಯಿತು.

ನಾಡಿದ್ದು ಹೆಂಡತಿಗೆ ಕಣ್ಣಿನ ಆಪರೇಷನ್. ಏನೂ ಆಗದವಳ ಹಾಗೆ ಗಿರಾಕಿಗಳಿಗೆ ಹೊಲಿದ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿ ಕೂತಿದ್ದಾಳೆ.

ಮಾರ್ಚ್ 5, ಗುರುವಾರ. ಬೆಳಿಗ್ಗೆ 10.20, ಆಸ್ಪತ್ರೆಯ ಬೆಂಚು

ಇವಳನ್ನು ಒಳಗೆ ಕರೆದುಕೊಂಡು ಹೋಗಿ ಹದಿನೈದು ನಿಮಿಷ. ಪೊರೆ ತೆಗೆಯೋದು ಈಗ ಏನೂ ಅಲ್ಲ, ಅರ್ಧ ಗಂಟೆ ಕೆಲಸ ಅನ್ನುತ್ತಾರೆ. ಎರಡು ಕಣ್ಣಿದ್ದವರ ಮಾತು ಅದು. ಇವಳ ಎಡಗಣ್ಣು ಏಳನೇ ವಯಸ್ಸಿಗೇ ಹೋಯಿತು, ಬಾಗಿಲ ಚಿಲಕ ಬಡಿದು. ಈ ಬಲಗಣ್ಣೊಂದರಲ್ಲೇ ಶಾಲೆ, ಮದುವೆ, ಮೂವತ್ತು ವರ್ಷದ ಹೊಲಿಗೆ.

ಸುಮ್ಮನೆ ಕೂತರೆ ತಲೆ ಎಲ್ಲೆಲ್ಲೋ ಹೋಗುತ್ತದೆ. ಮುದುಕಿಯ ಬಗ್ಗೆಯೇ ಬರೆಯುತ್ತೇನೆ. ಇವಳು ಆಗಾಗ ಕೇಳುತ್ತಾಳೆ — "ಇಡೀ ದಿನ ಅಲ್ಲಿ ಏನ್ರೀ ಮಾಡ್ತೀರಾ? ಅಂಟಿಸೋದು ತಾನೇ?"

ಅಂಟಿಸೋದೇ. ಆದರೆ ಹೇಗೆ... ರೋಲ್ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ನುಣುಪು ಕಾಗದದ ಪಟ್ಟಿ, ಅದರ ಮೇಲೆ ಸಾಲಾಗಿ ಲೇಬಲ್ಲು. ಪಟ್ಟಿ ಸಡಿಲಾಗಬಾರದು, ಹರಿಯಲೂಬಾರದು. ಅದಕ್ಕೆ ತೂಗಾಡುವ ಒಂದು ತೋಳಿದೆ, ಟೆನ್ಷನ್ ಆರ್ಮ್. ದಾರಿಯಲ್ಲಿ ಕೋಡರ್ ಪ್ರತಿ ಲೇಬಲ್ಲಿಗೂ ಬ್ಯಾಚ್ ನಂಬರ್ ಹೊಡೆಯುತ್ತದೆ. ಕಣ್ಣಿನ ಹನಿಗೆ 4ರಿಂದ ಶುರು, ಕಿವಿಯ ಹನಿಗೆ 7ರಿಂದ. ನಂಬರ್ ಕೂರಿಸುವವನು ನಾನೇ, ಬೆಳಿಗ್ಗೆ ಒಂದು ಸಲ. ಆಮೇಲೆ ಪೀಲ್ ಪ್ಲೇಟ್, ಚಾಕುವಿನ ಅಂಚಿನಂಥ ತಗಡು. ಪಟ್ಟಿ ಅಲ್ಲಿ ಗಕ್ಕನೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಲೇಬಲ್ಲಿಗೆ ಅಷ್ಟು ಬೇಗ ಬಾಗಲು ಬರುವುದಿಲ್ಲ, ಮುಂದಕ್ಕೆ ನುಗ್ಗಿ ಬಿಡಿಸಿಕೊಳ್ಳುತ್ತದೆ. ಬಾಟಲ್ ಬಂತು ಅಂತ ಒಂದು ಸೆನ್ಸರ್ ಹೇಳುತ್ತದೆ. ಒಂದು ಲೇಬಲ್ ಮುಗಿದು ಗ್ಯಾಪ್ ಬಂತು ಅಂತ ಇನ್ನೊಂದು. ಬಾಟಲ್ ಉರುಳುತ್ತಾ ಲೇಬಲ್ ಸುತ್ತಿಕೊಂಡು ಹೊರಟುಹೋಗುತ್ತದೆ. ನಿಮಿಷಕ್ಕೆ ನೂರಿಪ್ಪತ್ತು.

ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಲೇಬಲ್ ಓದಿದವನಲ್ಲ ನಾನು. ಓದುತ್ತಾ ನಿಂತರೆ ಕೆಲಸ ಕೆಟ್ಟಿತು. ನೋಡಬೇಕಾದ್ದು ಅಂಚು — ನೆಟ್ಟಗಿದೆಯೋ ಸೊಟ್ಟಗಿದೆಯೋ, ಸುಕ್ಕು ಬಿದ್ದಿದೆಯೋ. ನನ್ನ ಲೈನಿನಿಂದ ಸೊಟ್ಟ ಲೇಬಲ್ ಹೋಯಿತು ಅಂತ ಯಾರಾದರೂ ಹೇಳಲಿ ನೋಡೋಣ.

ನರ್ಸ್ ಕರೆಯುತ್ತಿದ್ದಾಳೆ.

ಮಾರ್ಚ್ 8, ಭಾನುವಾರ

ಆಪರೇಷನ್ ಚೆನ್ನಾಗಾಗಿದೆ. ದಿನಕ್ಕೆ ನಾಲ್ಕು ಸಲ ಹನಿ. ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ನಾಲ್ಕು, ಎಂಟು. ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ನಾಳೆಯಿಂದ ನಾನು ಕೆಲಸಕ್ಕೆ, ಹನ್ನೆರಡರದ್ದು ಅವಳೇ ಹಾಕಿಕೊಳ್ಳಬೇಕು. ಇವತ್ತು ಅಭ್ಯಾಸ ಮಾಡಿಸಿದೆ, ಅರ್ಧ ಕೆನ್ನೆಗೆ.

ಹೊಲಿಯಬೇಡಿ ಅಂದಿದ್ದಾರೆ ಡಾಕ್ಟರು. ಸಂಜೆ ಅಡುಗೆಮನೆಯಿಂದ ಬರುತ್ತೇನೆ, ಕಿಟಕಿಯ ಹತ್ತಿರ ಸೂಜಿ ಎತ್ತಿ ಹಿಡಿದಿದ್ದಾಳೆ. ಬೈಯಲು ಬಾಯಿ ತೆರೆದೆ. "ಹೊಲಿಯಲ್ಲ ಕಣ್ರೀ, ದಾರ ಪೋಣಿಸ್ತೀನಿ ಅಷ್ಟೇ." ಮೊದಲನೇ ಸಲಕ್ಕೇ ದಾರ ಒಳಗೆ ಹೋಯಿತು. ಆರು ವರ್ಷದಿಂದ ನನ್ನ ಕೈಲಿ, ಪಕ್ಕದ ಮನೆಯವರ ಕೈಲಿ ಪೋಣಿಸಿಕೊಳ್ಳುತ್ತಿದ್ದಳು. ಸೂಜಿಯನ್ನು ನನ್ನ ಮೂಗಿನ ಮುಂದೆ ಹಿಡಿದು ನಕ್ಕಳು. ನನಗೆ ಕಣ್ಣು ತುಂಬಿ ಬಂತು, ಟೀಗೆ ಇಟ್ಟಿದ್ದೇನೆ ಅಂತ ಒಳಗೆ ಹೋದೆ.

ಮಾರ್ಚ್ 9, ಸೋಮವಾರ

ಕಿವಿಯ ಹನಿ ಇವತ್ತು. ಗುಗ್ಗೆ ಕರಗಿಸುವ ಔಷಧಿ. ಅದೇ ಬಿಳಿ ಬಾಟಲ್, ಅದೇ ಅಳತೆಯ ಲೇಬಲ್, ಅದೇ ನೀಲಿ ಅಂಚು. ಮೊದಲು ಇದರ ಮುಚ್ಚಳ ಕೆಂಪಗಿರುತ್ತಿತ್ತು. ಆರು ತಿಂಗಳಿಂದ ಎಲ್ಲಕ್ಕೂ ಬಿಳಿಯೇ ತರಿಸುತ್ತಾರೆ.

ಇನ್ಸ್‌ಪೆಕ್ಟರ್ ಬೆಳಗಿನಿಂದ ಕುಂಯ್ ಕುಂಯ್. ನಿಲ್ಲಿಸಿದಾಗೆಲ್ಲ ನಾಲ್ಕು ಲೇಬಲ್ ಹಾಳು. ಹನ್ನೊಂದಕ್ಕೆ ಮ್ಯಾನೇಜರ್ ಬಂದ. "ಬೈಪಾಸ್ ಹಾಕಿ, ಲಾರಿ ಕಾಯ್ತಾ ಇದೆ." ಖುಷಿಯಿಂದಲೇ ಹಾಕಿದೆ. ಇನ್ಸ್‌ಪೆಕ್ಟರಿಗೆ ರಜೆ. ಲೈನ್ ತಣ್ಣಗೆ ಓಡಿತು.

ಎರಡು ಗಂಟೆಗೆ ರೋಲ್ ಮುಗಿಯಿತು, ಇನ್ನು ಎಂಬತ್ತು ಬಾಟಲ್ ಬಾಕಿ. ಸ್ಟೋರ್‌ಗೆ ಬೀಗ, ಎಣಿಕೆರಾಯ ಊಟಕ್ಕೆ. ಡ್ರಾಯರಿನಲ್ಲಿ ತುಂಡು ರೋಲ್ ಒಂದಿತ್ತು, ತೆಗೆದು ಜೋಡಿಸಿದೆ. ಪಟ್ಟಿಗೆ ಪಟ್ಟಿ ಸೇರಿಸಿ ಟೇಪ್, ಗ್ಯಾಪ್ ಕೂದಲೆಳೆಯಷ್ಟೂ ತಪ್ಪಿಲ್ಲ. ಮಷೀನ್ ನಿಂತಿದ್ದು ಎರಡೇ ನಿಮಿಷ. ಕೊನೆಯ ಎಂಬತ್ತೂ ನಲವತ್ತು ಸೆಕೆಂಡಿನಲ್ಲಿ ಮುಗಿದವು. ಎಲ್ಲ ನೆಟ್ಟಗೆ. ಉಳಿದ ನಾಲ್ಕು ಹರಿದು ಬಿಸಾಡಿದೆ.

ಕನ್ನಡಕ ಲಾಕರಿನಲ್ಲೇ ಬಿಟ್ಟಿದ್ದೆ, ಆಮೇಲೆ ನೆನಪಾಯಿತು.

ಮಾರ್ಚ್ 11, ಬುಧವಾರ

ಆಸ್ಪತ್ರೆಯ ಬಾಟಲ್ ಇವತ್ತಿಗೆ ಮುಗಿಯುತ್ತದೆ. ಅದೇ ಔಷಧಿ ನಮ್ಮಲ್ಲೂ ಆಗುತ್ತದೆ. ಪ್ಯಾಕಿಂಗ್‌ನ ಹಿರಿಯಾಕೆಯನ್ನು ಕೇಳಿದೆ. ಎಲ್ಲರಿಗೂ ಆಕೆ ದೊಡ್ಡಕ್ಕ, ನನಗಿಂತ ಎರಡು ವರ್ಷ ಹೆಚ್ಚು ಸರ್ವಿಸು. "ಅಯ್ಯೋ ಅದಕ್ಕೇನು, ತಗೊಳ್ಳಿ" ಅಂತ ಡಬ್ಬದಿಂದ ಎರಡು ತೆಗೆದುಕೊಟ್ಟಳು. ಗೇಟಿನಲ್ಲಿ ಚೀಟಿಯೂ ಬರೆಸಿಕೊಟ್ಟಳು.

ಇವಳ ಮುಂದೆ ಜಂಬ ಕೊಚ್ಚಿಕೊಂಡೆ. ನೋಡು, ಎಷ್ಟು ನೆಟ್ಟಗಿದೆ, ನನ್ನ ಕೈಯದೇ ಲೇಬಲ್ಲು. ಫ್ರಿಜ್ಜಿನಲ್ಲಿಟ್ಟಿದ್ದೇನೆ.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಹೊಸ ಬಾಟಲ್ ತೆರೆದೆ. ಹಾಕಿದ ಕೂಡಲೇ "ಉರಿ" ಅಂದಳು. ಫ್ರಿಜ್ಜಿನದು, ತಣ್ಣಗಿದೆ, ಅದಕ್ಕೇ ಅಂದೆ. ಸಂಜೆ ಮತ್ತೆ ಉರಿ. ಸ್ವಲ್ಪ ಜಿಡ್ಡು ಜಿಡ್ಡು ಅಂತಲೂ ಅಂದಳು.

ಮಾರ್ಚ್ 13, ಶುಕ್ರವಾರ

ಕಣ್ಣು ಕೆಂಪಗಾಗಿದೆ. ಆಸ್ಪತ್ರೆಗೆ ಫೋನ್ ಮಾಡಿದೆ. ಆಪರೇಷನ್ ಆದ ಮೇಲೆ ಸ್ವಲ್ಪ ಹಾಗಿರುತ್ತೆ, ಹನಿ ಮಾತ್ರ ತಪ್ಪಿಸಬೇಡಿ, ಬುಧವಾರ ಚೆಕಪ್‌ಗೆ ಬನ್ನಿ ಅಂತ ಒಬ್ಬ ಹುಡುಗಿ. ಹೆಸರು ಕೇಳಲಿಲ್ಲ.

ನಾಲ್ಕು ಗಂಟೆಗೆ ಮುಖ ತಿರುಗಿಸಿಬಿಟ್ಟಳು. "ಇದು ಬೇಡ ಕಣ್ರೀ, ಹಳೇದೇ ಎಲ್ಲಾದ್ರೂ ಸಿಗತ್ತಾ ನೋಡಿ." ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಫ್ಯಾಕ್ಟರಿ ಮಾಲು ಅಂದ್ರೆ ನಿನಗೆ ಅಷ್ಟು ಸದರವಾ, ಊರಿಗೆಲ್ಲ ಆಗೋ ಔಷಧಿ ನಿನಗೊಬ್ಬಳಿಗೆ ಉರಿಯತ್ತಾ, ಚಿಕ್ಕ ಮಗು ತರ ಹಟ... ಬಾಯಿಗೆ ಬಂದಿದ್ದೆಲ್ಲ ಅಂದೆ. ರೆಪ್ಪೆ ಎಳೆದು ಹಿಡಿದು ಹಾಕಿದೆ. ದಿಂಬು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮಾರ್ಚ್ 16, ಸೋಮವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇಲ್ಲ ಅಂದುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಹನ್ನೊಂದು. ಕಿಟಕಿ ಪೂರ್ತಿ ತೆರೆದಿದೆ, ಬಿಸಿಲು ನೆಲದ ತುಂಬಾ. "ಲೈಟ್ ಹಾಕ್ತೀರಾ?" ಅಂದಳು. ಹಾಕಿದೆ. "ಹಾಂ, ಈಗ ಸರಿಯಾಯ್ತು" ಅಂದಳು, ನನ್ನ ಸಮಾಧಾನಕ್ಕೆ. ಸರಿಯಾಗಿರಲಿಲ್ಲ. ಲೋಟ ಹುಡುಕುವಾಗ ಕೈ ಮೇಜಿನ ಮೇಲೆ ತಡಕಾಡುತ್ತಿತ್ತು. ಉರಿಯ ಮಾತೇ ಎತ್ತುವುದಿಲ್ಲ ಈಗ. ನಾನೂ ಕೇಳುತ್ತಿಲ್ಲ.

ಸೂಜಿ ಅವತ್ತಿನ ದಾರದ ಸಮೇತ ಪರದೆಗೆ ಚುಚ್ಚಿಕೊಂಡಿದೆ. ನಾಡಿದ್ದು ಬುಧವಾರ. ಡಾಕ್ಟರು ನೋಡುತ್ತಾರೆ. ಹೆದರಿಕೆಯಾಗುತ್ತಿದೆ.

ಮಾರ್ಚ್ 17, ಮಂಗಳವಾರ. ಬೆಳಿಗ್ಗೆ 9.50, ಲೈನಿನ ಪಕ್ಕ

ಎಣಿಕೆರಾಯ ಬಂದಿದ್ದ, ಪುಸ್ತಕ ಹಿಡಿದುಕೊಂಡು. ಮೂರನೇ ತಾರೀಕು ಕೊಟ್ಟ ಕಣ್ಣಿನ ಲೇಬಲ್ ಇಷ್ಟು, ಬಾಟಲಿಗೆ ಹೋಗಿದ್ದು ಇಷ್ಟು, ಹರಿದಿದ್ದು ಇಷ್ಟು. "ಇನ್ನೂ ಎಂಬತ್ನಾಲ್ಕು ಬರಬೇಕು. ಎಲ್ಲಿಟ್ಟಿದ್ದೀರಾ?"

ಡ್ರಾಯರಿನಲ್ಲಿದೆ, ತಗೋ ಮಾರಾಯ ಅಂದೆ. ಎಳೆದೆ. ಟೇಪು, ಕತ್ತರಿ, ಹಳೆ ಬೆಲ್ಟು. ತುಂಡು ರೋಲ್ ಇಲ್ಲ.

ಮತ್ತೆ ಹುಡುಕಿದೆ. ಅಲ್ಲಿ ಇದ್ದದ್ದೇ ಒಂದು. ಒಂಬತ್ತನೇ ತಾರೀಕು ಕಿವಿಯ ಬಾಟಲಿಗೆ ಅಂತ ತೆಗೆದದ್ದೂ ಒಂದು.

ಸಂಜೆ ಹುಡುಕಿ ಕೊಡ್ತೀನಿ ಅಂತ ಅವನನ್ನು ಸಾಗಹಾಕಿದೆ. ಲೇಬಲ್ಲಿನ ಮುಖ ಒಳಗಿರುವ ಹಾಗೆ ಸುತ್ತಿರುತ್ತಾರೆ, ಹೊರಗಿನಿಂದ ಕಾಣುವುದು ಬರೀ ಕಾಗದ. ಆದರೆ ಜೋಡಿಸಿದ ಮೇಲೆ? ನಲವತ್ತು ಸೆಕೆಂಡ್ ನನ್ನ ಮೂಗಿನ ಕೆಳಗೇ ಓಡಿದವಲ್ಲ. ನೋಡುತ್ತಲೇ ನಿಂತಿದ್ದೆ. ಅಂಚು ನೋಡುತ್ತಾ.

ಇಲ್ಲ. ಹಾಗಾಗಿದ್ದರೆ ಪ್ಯಾಕಿಂಗ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ದೊಡ್ಡಕ್ಕನ ಕಣ್ಣು ತಪ್ಪಿಸೋಕೆ ಆಗುವುದಿಲ್ಲ.

ಮಧ್ಯಾಹ್ನ 12.40, ಮ್ಯಾನೇಜರ್ ರೂಮಿನ ಹೊರಗೆ

ಸಿಕ್ಕಿತ್ತು. ದೊಡ್ಡಕ್ಕನಿಗೆ ಸಿಕ್ಕೇ ಇತ್ತು.

ಕ್ಯಾಂಟೀನಿನಲ್ಲಿ ಕೇಳಿದೆ. ನಗುತ್ತಲೇ ಹೇಳಿದಳು, "ಓ ಅದಾ? ಕಿವಿ ಬಾಟಲ್ ಜೊತೆ ಕಣ್ಣಿನವು ಒಂದು ಎಪ್ಪತ್ತು ಎಂಬತ್ತು ಸೇರ್ಕೊಂಡಿತ್ತು ಕಣಣ್ಣ. ಹಿಂದಿನ ವಾರದ್ದು ಲೈನಲ್ಲಿ ಉಳ್ಕೊಂಡಿರಬೇಕು ಅಂದ್ಕೊಂಡೆ. ಹೇಳಿದ್ರೆ ನಿಮಗೆ ಬೈತಾರೆ, ಮನೇಲಿ ಬೇರೆ ಅತ್ತಿಗೆಗೆ ಹುಷಾರಿಲ್ಲ... ಅದಕ್ಕೆ ಸುಮ್ಮನೆ ಆರಿಸಿ ಕಣ್ಣಿನ ಡಬ್ಬಕ್ಕೆ ಸೇರಿಸ್ಬಿಟ್ಟೆ."

ನನಗೆ ಕೊಟ್ಟದ್ದು ಯಾವ ಡಬ್ಬದ್ದು ಅಂತ ಕೇಳಿದೆ. "ಅದರದ್ದೇ, ಮೇಲೇ ಇತ್ತಲ್ಲ" ಅಂದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಮನೆಗೆ ಫೋನ್ ಮಾಡಿದೆ. ಹನ್ನೆರಡರ ಹನಿ ಹಾಕ್ಕೊಂಡ್ಯಾ? "ಹಾಕ್ಕೊಂಡೆ. ಇವತ್ತು ಒಂದು ಹನಿನೂ ಚೆಲ್ಲಲಿಲ್ಲ." ನಲ್ಲಿ ಕೆಳಗೆ ತೊಳ್ಕೋ ಅನ್ನಬಹುದಿತ್ತು. ಏನೋ ಗೊಣಗಿ ಇಟ್ಟುಬಿಟ್ಟೆ. ನಂಬರ್ ನೋಡದೆ ಹೇಗೆ ಹೇಳಲಿ... ಸುಳ್ಳು. ಹೇಳಲು ಧೈರ್ಯ ಬರಲಿಲ್ಲ. ಹೇಡಿ ನಾನು.

ಒಳಗೆ ಮೀಟಿಂಗ್ ಅಂತೆ. ಕಾಯಬೇಕಂತೆ.

ಮಧ್ಯಾಹ್ನ 3.50, ಮನೆ

ಮ್ಯಾನೇಜರಿಗೆ ಹೇಳಿದೆ. ಆ ಡಬ್ಬಗಳು ಗುರುವಾರವೇ ಲಾರಿಯಲ್ಲಿ ಹೋದವಂತೆ. ವಾಪಸ್ ತರಿಸಿ, ಯಾರ ಯಾರ ಕಣ್ಣಿಗೋ ಹೋಗುತ್ತೆ ಅಂದೆ. "ಬರೀ ಊಹೆ ಮೇಲೆ ಊರೆಲ್ಲ ಡಂಗುರ ಹೊಡೆಯೋಕಾಗತ್ತಾ? ಬಾಟಲ್ ತಂದು ತೋರಿಸಿ ಮೊದಲು. ಎಲ್ಲೂ ಬರೆಯೋಕೆ ಹೋಗಬೇಡಿ." ಬೈಪಾಸ್ ಹಾಕಿಸಿದ್ದು ಅವನೇ ಅಂತ ಅವನಿಗೂ ನೆನಪಿದೆ.

ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾಳೆ ನಾನೇ ಅಲ್ಲ ಅಂದುಬಿಟ್ಟೇನು.

ಫ್ರಿಜ್ಜಿನಿಂದ ಬಾಟಲ್ ತೆಗೆದು ಕನ್ನಡಕ ಹಾಕಿಕೊಂಡು ಓದಿದೆ. ಜೀವಮಾನದಲ್ಲಿ ಮೊದಲನೇ ಲೇಬಲ್ಲು. ಮೇಲೆ ಕಣ್ಣಿನ ಹನಿ ಅಂತಿದೆ. ಅಕ್ಷರ ಸ್ಪಷ್ಟ, ಅಂಚು ನೆಟ್ಟಗೆ, ಒಂದು ಸುಕ್ಕಿಲ್ಲ. ಕೆಳಗೆ ನಂಬರ್. 7ರಿಂದ ಶುರು.

ಐದೂವರೆ ದಿನ. ದಿನಕ್ಕೆ ನಾಲ್ಕು ಸಲ. ಮಧ್ಯಾಹ್ನದ್ದು ಬಿಟ್ಟರೆ ಎಲ್ಲ ನನ್ನ ಕೈಯಿಂದ.

ಆಸ್ಪತ್ರೆಗೆ ಫೋನ್ ಮಾಡಿದೆ, ಈ ಸಲ ಡಾಕ್ಟರೇ ಸಿಕ್ಕರು. ಬಾಟಲ್ ಸಮೇತ ತಕ್ಷಣ ಬನ್ನಿ. ಕಣ್ಣು ಉಳಿಯತ್ತಾ ಅಂದೆ. ಬನ್ನಿ ಅಂದರು, ಅಷ್ಟೇ. ಟ್ಯಾಕ್ಸಿ ಬರಲು ಎಂಟು ನಿಮಿಷ. ಬಾಟಲ್ ಜೇಬಿನಲ್ಲಿದೆ. ಇವಳು ಒಳಗೆ ಮಲಗಿದ್ದಾಳೆ, ಏನೂ ಗೊತ್ತಿಲ್ಲ. ಟ್ಯಾಕ್ಸಿ ಬರುವುದರೊಳಗೆ ಹೇಳಬೇಕು. ಹೋಗಿ ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು...

ನಾಲ್ಕರ ಅಲಾರಂ ಹೊಡೆಯಿತು. ಎದ್ದಳು. ಗೋಡೆ ಹಿಡಿದುಕೊಂಡು ಹೋಗಿ ಫ್ರಿಜ್ ತೆರೆದಳು, ತಡಕಿ ಎರಡನೇ ಬಾಟಲ್ ತೆಗೆದಳು. ಈಗ ಬಾಗಿಲಲ್ಲಿ ನಿಂತಿದ್ದಾಳೆ. ನಾನು ಕೂತಿರುವ ಕುರ್ಚಿಯ ಕಡೆಗಲ್ಲ, ಪಕ್ಕದ ಖಾಲಿ ಕುರ್ಚಿಯ ಕಡೆ ಬಾಟಲ್ ಚಾಚಿ —

"ಬನ್ನಿ, ಹಾಕಿ. ಎಷ್ಟೇ ಉರೀಲಿ, ಈ ಸಲ ಒಂದು ಮಾತೂ ಆಡಲ್ಲ."

ಮುಖ ಮೇಲಕ್ಕೆತ್ತಿ, ತಾನೇ ರೆಪ್ಪೆ ಎಳೆದು ಹಿಡಿದು ಕಾಯುತ್ತಿದ್ದಾಳೆ. ನಾನು ಅವಳಿಗೆ ಹೇಳಬೇಕು, ಈಗಲೇ. ಪೆನ್ನು ಇಡುತ್ತಿದ್ದೇನೆ.